ಬಂಡೆಮ್ಮ ತುಳಿದ ಗೋಡೆ

ಕಮಲಾಪುರದ ಬಂಡೆಮ್ಮನಿಗೆ ಮಣ್ಣಿನ ರುಚಿ ಗೊತ್ತಿತ್ತು. ರುಚಿ ಅಂದರೆ ನಾಲಿಗೆಯ ರುಚಿಯೇ. ಯಾವ ಗುಂಡಿಯ ಮಣ್ಣಾದರೂ ಸರಿ, ಒಂದು ಚಿಟಿಕೆ ಬಾಯಿಗೆ ಹಾಕಿ, ಹಲ್ಲಿನ ನಡುವೆ ಕಟಕಟ ಅನಿಸಿ, ಪಕ್ಕಕ್ಕೆ ಉಗುಳಿ, "ಇದ್ರಾಗ ಉಪ್ಪದ, ಗ್ವಾಡಿಗೆ ಬ್ಯಾಡ, ಮಾಳಗಿ ಮ್ಯಾಲ ಹಾಕ್ರಿ" ಅಂತಲೋ, "ಇದು ಛಲೋ ಅದ, ತುಂಬ್ರಿ ಬುಟ್ಟಿ" ಅಂತಲೋ ಹೇಳಿಬಿಡುತ್ತಿದ್ದಳು. ಆಕೆಯ ಅವ್ವನೂ ಹಾಗೇ ಮಾಡುತ್ತಿದ್ದಳು, ಅವ್ವನ ಅವ್ವನೂ. ಹೊಲಗೇರಿಯ ಹೆಂಗಸರಿಗೆ ಊರವರು ಉಣ್ಣಲಿಕ್ಕೆ ಕೊಟ್ಟದ್ದು ಕಡಿಮೆ. ಮಣ್ಣು ಮಾತ್ರ ಬೇಕಾದಷ್ಟು ತಿಂದರು.

ಕಮಲಾಪುರದ ಮಣ್ಣು ಕೆಂಪು. ಅಲ್ಲಿಂದ ಕಲಬುರಗಿ ಕಡೆ ಇಳಿದರೆ ಎಲ್ಲ ಎರೆ, ಕಪ್ಪು. ಎರೆಗೆ ಅಂಟು ಜಾಸ್ತಿ, ಆದರೆ ಅದನ್ನು ನಂಬುವಂತಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಆ ಬಿರುಕಿನಲ್ಲಿ ಮುಷ್ಟಿ ಇಡಬಹುದು. ಬರೀ ಕೆಂಪು ಹಾಕಿದರೆ ಮಳೆ ಬಡಿದ ಕಡೆ ಕರಗಿ ಇಳಿಯುತ್ತದೆ. ಅದಕ್ಕೇ ಮೂರು ಬುಟ್ಟಿ ಕೆಂಪಿಗೆ ಒಂದು ಬುಟ್ಟಿ ಎರೆ, ಹಳ್ಳದ ಉಸುಕು ಒಂದಿಷ್ಟು, ತೊಗರಿ ಹೊಟ್ಟು, ಜೋಳದ ಒಣ ಸೊಪ್ಪಿನ ರವದಿ ಕೂಡಿಸಿ, ಗುಂಡಿಗೆ ನೀರು ಬಿಟ್ಟು ಹದಿನೈದು ದಿನ ಕೊಳೆ ಹಾಕುತ್ತಿದ್ದರು. ಅದು ಕೊಳೆತು ನಾರತೊಡಗಿದ ಮೇಲೆ ಬಂಡೆಮ್ಮ ಸೀರೆ ಮೊಳಕಾಲಿಗೆ ಏರಿಸಿ ಕಟ್ಟಿ ಗುಂಡಿಗಿಳಿಯುತ್ತಿದ್ದಳು. ಹಿಮ್ಮಡಿ ಊರಬೇಕು, ತಿರುವಬೇಕು, ಎಳೆಯಬೇಕು. ಹರಳು ಸಿಕ್ಕರೆ ಕಾಲಿಗೇ ಗೊತ್ತಾಗಬೇಕು. ಹದ ಬಂತೋ ಇಲ್ಲವೋ ನೋಡಲು ಒಂದು ಮುದ್ದೆ ತೆಗೆದು ಬೆರಳಗಾತ್ರ ಹೊಸೆದು ಅಂಗೈ ಅಂಚಿನಿಂದ ಇಳಿಬಿಡುವಳು. ಗೇಣುದ್ದ ಇಳಿದು ತಾನಾಗಿ ಕಡಿದುಬಿದ್ದರೆ ಗಂಡನನ್ನು ಕೂಗುವಳು. ದಾರಿಯವರು ಆ ನಾತಕ್ಕೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಆರು ತಿಂಗಳಿಗೆ ಅದೇ ಮಣ್ಣಿನ ಗೋಡೆಗೆ ಬೆನ್ನು ಹಚ್ಚಿ ತಣ್ಣಗೆ ಕೂಡುತ್ತಿದ್ದರು.

ಗಂಡ ತುಕಾರಾಮ ಗೋಡೆ ಏರಿಸುವವ. ಮಾತು ಕಡಿಮೆ. ಮೊಳದೆತ್ತರ ಒಂದು ಸುತ್ತು ಕಟ್ಟಿ ಕೈಬಿಡುತ್ತಿದ್ದ. ಅದು ಒಣಗಿ ಉಗುರು ಇಳಿಯದಷ್ಟು ಗಟ್ಟಿಯಾಗುವ ತನಕ ಮೇಲಿನ ಸುತ್ತು ಇಡುತ್ತಿರಲಿಲ್ಲ. ಮನೆಯ ಧಣಿ ಬಂದು ಬೈದರೂ ಅಷ್ಟೇ, ತಂಬಾಕು ತಿಕ್ಕುತ್ತ ಕೂಡುತ್ತಿದ್ದ.

ನಿಜಾಮರ ಆಳ್ವಿಕೆ. ಮಾನಮೋಡಿ ಅಂತ ಜನ ಕರೆದ ಆ ಜ್ವರದ ಬ್ಯಾನಿ ಬಂದು ಊರೂರು ಖಾಲಿ ಮಾಡುವುದಕ್ಕೆ ಒಂದು ವರ್ಷ ಮೊದಲು. ಕಲಬುರಗಿಯ ಬ್ರಹ್ಮಪುರದಲ್ಲಿ ಅಣವೀರಪ್ಪ ಅನ್ನುವ ಜೋಳ-ತೊಗರಿಯ ವ್ಯಾಪಾರಿ ಮನೆ ಕಟ್ಟಿಸಲು ಹಿಡಿದ. ಕಮಲಾಪುರದ ಕೆಂಪು ಮಣ್ಣೇ ಬೇಕು ಅಂತ ಬಂಡಿ ಕಟ್ಟಿಸಿ ತರಿಸಿದ. ಮಣ್ಣಿನ ಹಿಂದೆ ಬಂಡೆಮ್ಮ, ತುಕಾರಾಮ ಇಬ್ಬರೂ ಬಂದರು. ನಾಲ್ಕು ತಿಂಗಳು ಅಲ್ಲೇ ಇದ್ದರು. ಈಗ ಪಡಸಾಲೆ ಇರುವ ಜಾಗದಲ್ಲೇ ಆಗ ಮಣ್ಣಿನ ಗುಂಡಿ ಇತ್ತು.

ಅಣವೀರಪ್ಪನ ಹೆಂಡತಿ ಶಿವಕಾಂತಮ್ಮ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದವಳು. ಹದಿನೈದೋ ಹದಿನಾರೋ. ಮಧ್ಯಾಹ್ನ ಗಂಡಸರಿಲ್ಲದ ಹೊತ್ತು ನೋಡಿ ಬಂದು ಗುಂಡಿಯ ಹತ್ತಿರ ಕಲ್ಲಿನ ಮೇಲೆ ಕೂಡುತ್ತಿದ್ದಳು.

"ಬಂಡೆಮ್ಮ, ಇದೇನ ಕುಣ್ಯಾಕತ್ತೀಯೋ ಕೆಲಸ ಮಾಡಾಕತ್ತೀಯೋ?"

"ನೀವೂ ಇಳೀರಿ ಅವ್ವಾರ. ಎರಡು ಸುತ್ತು ತುಳುದ್ರ ಗಂಡನ ಮನಿ ಸಿಟ್ಟೆಲ್ಲ ಕಾಲಾಗ ಇಳೀತದ."

"ಅಯ್ಯ, ನನಗೆಲ್ಲಿ ಸಿಟ್ಟದ?"

"ಬರತದ ತಡೀರಿ. ಇನ್ನಾ ಹೊಸತು."

ಶಿವಕಾಂತಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದಳು. ಒಂದು ಹನಿ ವಾಪಸು ಸಿಡಿಯದ ಹಾಗೆ ಸುರಿಯುವುದು ತವರಿನಲ್ಲೇ ಕಲಿತು ಬಂದಿದ್ದಳು.

ಮನೆ ಮುಗಿಯಿತು. ಜಂಗಮ ಅಯ್ಯನವರು ಬಂದರು, ಮನೆಯವರು ಅವರ ಪಾದ ತೊಳೆದರು, ಆ ನೀರನ್ನು ಮೂಲೆಮೂಲೆಗೆ ಚಿಮುಕಿಸಿದರು. ಬಂಡೆಮ್ಮ, ತುಕಾರಾಮ ಅಂಗಳದ ಆಚೆ ಬೇವಿನ ಗಿಡದ ಕೆಳಗೆ ಕೂತು ಹೋಳಿಗೆ ಉಂಡರು. ಕಟ್ಟುವಾಗ ನಾಲ್ಕು ತಿಂಗಳು ಒಳಗೆಲ್ಲ ಓಡಾಡಿದ ಕಾಲು ಅವತ್ತಿನಿಂದ ಹೊಸ್ತಿಲು ಮುಟ್ಟುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲ ಮನೆಗಳಲ್ಲೂ ಅದೇ ರೂಢಿ.

ಮರುವರ್ಷ ಮಾನಮೋಡಿ ಬಂತು. ತುಕಾರಾಮ ನಾಲ್ಕು ದಿನ ಕೆಮ್ಮಿದ, ಐದನೆಯ ದಿನ ಹೋದ. ಕೇರಿಯಲ್ಲಿ ಅವತ್ತು ಮೂರು ಹೆಣ. ಹೊರಲಿಕ್ಕೆ ಗಂಡಸರು ಸಾಲದೆ ಬಂಡೆಮ್ಮನೇ ಒಂದು ಕಡೆ ಹೆಗಲು ಕೊಟ್ಟಳು.

ಬ್ರಹ್ಮಪುರದ ಮನೆಯ ಪಡುವಣ ಗೋಡೆ ತುಕಾರಾಮ ಕಟ್ಟಿದ ಕೊನೆಯ ಗೋಡೆ. ಎರಡು ಮೊಳ ದಪ್ಪ, ಅಳ್ಳಾಡದ ಗೋಡೆ. ಮಳೆ ಹೊಡೆಯುವುದೂ ಅದೇ ದಿಕ್ಕಿನಿಂದ. ಮಣ್ಣಿನ ಗೋಡೆಯನ್ನು ಕಟ್ಟಿ ಕೈತೊಳೆದುಕೊಂಡರೆ ಆಗುವುದಿಲ್ಲ. ವರ್ಷಕ್ಕೊಮ್ಮೆ ಅದರ ಮೈ ನೋಡಬೇಕು. ಹಾಗಾಗಿ ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಎಂಟು ದಿನ ಮೊದಲು ಬಂಡೆಮ್ಮ ಕೋಳಿ ಕೂಗುವ ಹೊತ್ತಿಗೆ ಮಣ್ಣಿನ ಬಂಡಿಯ ಹಿಂದೆ ಕಮಲಾಪುರ ಬಿಟ್ಟು ಸಂಜೆಗೆ ಬ್ರಹ್ಮಪುರ ಮುಟ್ಟುತ್ತಿದ್ದಳು. ಹೋದ ವರ್ಷದ ಮಳೆ ನೆಕ್ಕಿದ ಕಡೆ ಹೊರಗಿನಿಂದ ಹೊಸ ಮಣ್ಣು ಮೆತ್ತುವಳು. ನಿಚ್ಚಣಿಕೆ ಹಾಕಿ ಮಾಳಿಗೆಯ ಮಣ್ಣಿನ ಚಾವಣಿ ಏರಿ ಕರ್ಲ ಮಣ್ಣು ಹರವಿ ತುಳಿಯುವಳು. ಕರ್ಲ ಅಂದರೆ ಉಪ್ಪು ಏರಿದ ಬಿಳಿ ಮಣ್ಣು, ನೀರು ಬಿದ್ದ ಕೂಡಲೆ ಕಲಸಿಕೊಂಡು ತೂತು ಮುಚ್ಚಿಬಿಡುತ್ತದೆ, ಹನಿ ಕೆಳಗಿಳಿಯದು. ಅದೇ ಉಪ್ಪು ಗೋಡೆಯೊಳಗೆ ಹೊಕ್ಕರೆ ಪುಡಿಪುಡಿ ಮಾಡಿ ಉದುರಿಸುತ್ತದೆ.

ಹೊರಗಿನ ಮೈ ಬಂಡೆಮ್ಮನದು. ಒಳಗಿನ ಮೈ ಸೆಗಣಿ ಕೆಮ್ಮಣ್ಣು ಹಚ್ಚಿ ಸಾರಿಸುವುದು ಶಿವಕಾಂತಮ್ಮನದು. ಒಬ್ಬಾಕೆ ಹೊಸ್ತಿಲ ಒಳಗೆ ನಿಲ್ಲುವಳು, ಒಬ್ಬಾಕೆ ಹೊರಗೆ.

"ಮೂಲ್ಯಾಗ ಒಂದು ಬಿರುಕು ಬಿಟ್ಟದ ಬಂಡೆಮ್ಮ."

"ಬೆರಳು ಹೋಗತದೇನ್ರಿ?"

"ಇಲ್ಲ. ಕೂದಲೆಳಿಯಷ್ಟದ."

"ಹಂಗಾದ್ರ ಬಿಡ್ರಿ. ಮಣ್ಣು ಆಕಳಿಸ್ಯಾದ. ಸಾರಿಸುವಾಗ ಹೆಬ್ಬೆಟ್ಟಿಲೆ ಒತ್ತಿಬಿಡ್ರಿ."

ಹೀಗೆ ಎಂಟು ವರ್ಷ ನಡೆಯಿತು. ಗೋಡೆ ಕಲ್ಲಾಯಿತು.

ಒಂಬತ್ತನೆಯ ವರ್ಷ ಬಂಡೆಮ್ಮ ಬಂದು ನೋಡಿದರೆ ಪಡುವಣ ಗೋಡೆ ಬೂದಿ ಬಣ್ಣಕ್ಕೆ ತಿರುಗಿತ್ತು. ನುಣ್ಣಗೆ ಹೊಳೆಯುತ್ತಿತ್ತು. ಬುಡದಿಂದ ಮಾಳಿಗೆಯ ಅಂಚಿನವರೆಗೆ ಸಿಮೆಂಟು. ಗೌಂಡಿ ಶಬ್ಬೀರ್ ಬಕೀಟಿನಲ್ಲಿ ಕರಣೆ ತೊಳೆಯುತ್ತ ಕೂತಿದ್ದ. ಕೋಟೆಯ ಕಡೆಯವ, ಸುಣ್ಣದ ಗಚ್ಚಿನ ಕೆಲಸ ಬಲ್ಲವ, ಬಂಡೆಮ್ಮನಿಗೆ ಹಳೆಯ ಪರಿಚಯ. ಆಕೆಯನ್ನು ಕಂಡು ತಲೆ ಕೆಳಗೆ ಹಾಕಿದ.

ಅಣವೀರಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಎಲೆ ಅಡಿಕೆ ಹಾಕುತ್ತಿದ್ದ. ಹೈದರಾಬಾದಿನಿಂದ ಬಂದ ಗುತ್ತೇದಾರನೊಬ್ಬ ಯಾವುದೋ ಸರ್ಕಾರಿ ಬಂಗಲೆ ಕಟ್ಟುತ್ತಿದ್ದ. ಅವನ ಮಾತು ಕೇಳಿ ಮಾಡಿಸಿದ್ದ.

"ಬಂಡಿ ತಿರುಗಿಸು ಬಂಡೆಮ್ಮ. ಇನ್ನ ನೂರು ವರ್ಷ ಈ ಗ್ವಾಡಿಗೆ ಮಣ್ಣು ಬೇಕಿಲ್ಲ."

"ಸಾವ್ಕಾರ್ರ, ಇದನ್ನ ತೆಗಸ್ರಿ. ಕೈ ಮುಗೀತೀನಿ."

"ಯಾಕ?"

"ಮಣ್ಣಿನ ಗ್ವಾಡಿ ಮಳಿಗಾಲದಾಗ ನೀರು ಕುಡೀತದ್ರಿ. ಬಿಸಲು ಬಿದ್ದಮ್ಯಾಲ ಬೆವರತದ. ನೀವು ಮೈತುಂಬ ತಗಡು ಹೊಡಸ್ದಂಗ ಮಾಡೀರಿ. ಮ್ಯಾಲಿಂದ ಒಂದು ಹನಿ ಒಳಗ ಹೊಕ್ರ ಅದು ಎಲ್ಲಿಂದ ಹೊರಗ ಬರಬೇಕು?"

ಅಣವೀರಪ್ಪ ಕಟ್ಟೆಯವರ ಕಡೆ ತಿರುಗಿದ. "ಕೇಳ್ರೆಪಾ! ನಮ್ಮ ಗ್ವಾಡಿಗೆ ಬೆವರು ಬರತದಂತ. ನಾಳಿ ಜ್ವರ ಬಂದ್ರ ಕಷಾಯ ಕುಡಸ್ತಾಳ."

ಎಲ್ಲರೂ ನಕ್ಕರು. ಶಬ್ಬೀರ್ ನಗಲಿಲ್ಲ. ಬಂಡಿಯ ಮಣ್ಣನ್ನು ರಸ್ತೆಯ ತಗ್ಗಿಗೆ ಸುರಿದು ಬಂಡೆಮ್ಮ ಕಮಲಾಪುರಕ್ಕೆ ವಾಪಸು ನಡೆದಳು. ಬಂಡಿಯವ ಹತ್ತಿಕೋ ಅಂದ. ಹತ್ತಲಿಲ್ಲ.

ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಅದರ ಮುಂದಿನ ವರ್ಷ ಮಿರಗ ಜೋರಾಗಿ ಹಿಡಿದು ಹದಿನೈದು ದಿನ ಬಿಡಲಿಲ್ಲ. ಮಳೆ ನಿಂತು ಹೊಳವಾದ ದಿನ ಬಂಡೆಮ್ಮ ಯಾರೂ ಕರೆಯದೆಯೂ ಹೊರಟಳು. ನೋಡಿ ಬರಬೇಕು ಅನಿಸಿತ್ತು, ಅಷ್ಟೇ.

ಗೋಡೆ ಹೊರಗಿನಿಂದ ನೋಡಲಿಕ್ಕೆ ಚೆನ್ನಾಗಿತ್ತು. ಮಾಳಿಗೆಯ ಅಂಚಿನಲ್ಲಿ ಮಾತ್ರ ಸಿಮೆಂಟು ಸೀಳಿ ದಾರದಂಥ ಗೆರೆ ಬಿದ್ದಿತ್ತು. ಬಂಡೆಮ್ಮ ಬೆರಳ ಗೆಣ್ಣಿನಿಂದ ಬಡಿದಳು. ಮೊಳಕಾಲ ಎತ್ತರದಲ್ಲಿ ಡಬ್‌ಡಬ್ ಅಂದಿತು, ಖಾಲಿ ಗಡಿಗೆ ಬಡಿದ ಹಾಗೆ. ಗೋಡೆಗೆ ಕೆನ್ನೆ ಹಚ್ಚಿ ಉದ್ದಕ್ಕೂ ಕಣ್ಣು ಹಾಯಿಸಿದರೆ ನಡುವೆ ಸ್ವಲ್ಪ ಹೊಟ್ಟೆ ಬಂದಿತ್ತು.

ಬಾಗಿಲಿಗೆ ಬಂದು ನಿಂತಳು. "ಅವ್ವಾರ, ಶರಣ್ರಿ."

ಶಿವಕಾಂತಮ್ಮ ಒಳಗಿನಿಂದ ಬಂದಳು. ಬಂಡೆಮ್ಮನನ್ನು ಕಂಡು ಮುಖ ಅರಳಿತು, ಮತ್ತೆ ಕ್ಷಣದಲ್ಲಿ ಏನೋ ನೆನಪಾದಂತೆ ಬಾಡಿತು. ಆಕೆಯ ಬೆನ್ನ ಹಿಂದಿನಿಂದ ಒಂದು ವಾಸನೆ ಬಂತು. ಕೊಳೆ ಹಾಕಿದ ಹೊಟ್ಟಿನ ವಾಸನೆ. ಹತ್ತು ವರ್ಷ ಒಣಗಿದ ಗೋಡೆಯ ಒಳಗಿನ ಹೊಟ್ಟು ಮತ್ತೆ ನೀರು ಕಂಡರೆ ಮಾತ್ರ ಬರುವ ನಾತ. ಬಂಡೆಮ್ಮನ ಮೂಗಿಗೆ ಅದು ಮೋಸ ಮಾಡುವ ಮಾತೇ ಇರಲಿಲ್ಲ.

"ಅವ್ವಾರ, ಪಡಸಾಲ್ಯಾಗ ಗ್ವಾಡಿ ಹ್ಯಾಂಗದ್ರಿ?"

"ಛಲೋ ಅದ."

ಹೊಸ್ತಿಲ ಆಚೆಯಿಂದ ಪಡುವಣ ಗೋಡೆಯ ಒಂದು ತುದಿ ಕಾಣುತ್ತಿತ್ತು. ಅದರ ಮೇಲೆ ಆಳೆತ್ತರಕ್ಕೆ ಬಣ್ಣದ ಬಟ್ಟೆ ತುಂಡು ಕೂಡಿಸಿ ಹೊಲಿದ ಒಂದು ಕೌದಿ ತೂಗುಹಾಕಿತ್ತು.

"ಆ ಕೌದಿ ಯಾಕ್ರಿ ಅಲ್ಲಿ?"

"ಚಂದ ಕಾಣ್ಲಿ ಅಂತ. ನಮ್ಮ ನಾದಿನಿ ನೋಡಾಕ ಬೀಗರು ಬರಾವ್ರದಾರ, ಬರೂ ಸೋಮವಾರ."

"ಒಳಗ ಹಸಿ ಬಂದದೇನ್ರಿ? ನಾ ಯಾರ ಮುಂದೂ ಹೇಳಂಗಿಲ್ಲ."

ಶಿವಕಾಂತಮ್ಮ ಬೀದಿಯ ಕಡೆ ನೋಡಿದಳು. ಎದುರು ಮನೆಯ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. "ಇಲ್ಲ ತಾಯಿ," ಅಂದಳು. "ಹೊಟ್ಟಿ ಹಸದದೇನ? ರೊಟ್ಟಿ ತರ್ತೀನಿ ತಡಿ."

ಆಕೆ ಒಳಗೆ ಹೋದಳು. ಬಂಡೆಮ್ಮ ನಿಂತಲ್ಲೇ ನಿಂತಳು. ಬಾಗಿಲಿನಿಂದ ಕೌದಿಗೆ ಆರು ಹೆಜ್ಜೆ. ಹೋಗಿ ಅದನ್ನು ಎತ್ತಿ ಅಂಗೈ ಇಟ್ಟರೆ ಎಷ್ಟು ಎತ್ತರಕ್ಕೆ ನೀರು ಏರಿದೆ, ಎಷ್ಟು ದಿನ ಉಳಿದಿದೆ, ಎಲ್ಲ ಗೊತ್ತಾಗುತ್ತಿತ್ತು. ಆ ನೆಲದ ಅಡಿಯ ಮಣ್ಣನ್ನೂ ಆಕೆಯೇ ತುಳಿದಿದ್ದಳು. ಕಾಲು ಏಳಲಿಲ್ಲ. ಯಾರೂ ಹಿಡಿದುಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಹೊಸ್ತಿಲ ಮುಂದೆ ನಿಂತು ನಿಂತು ಕಾಲಿಗೆ ಅದೇ ಪಾಠವಾಗಿತ್ತು.

ರೊಟ್ಟಿ ಮೇಲಿನಿಂದ ಸೆರಗಿಗೆ ಬಿತ್ತು. ಚಟ್ನಿಯೂ ಬಿತ್ತು.

"ಅವ್ವಾರ, ಆ ಸಿಮೆಂಟು ತೆಗಸೂ ತನಕ ಗ್ವಾಡಿ ಬುಡಕ ಕೂಡಬ್ಯಾಡ್ರಿ. ನಿಮ್ಮ ಪಾದಕ್ಕ ಬೀಳ್ತೀನಿ."

"ಹೂಂ," ಅಂದಳು ಶಿವಕಾಂತಮ್ಮ, ಚಿಕ್ಕವರ ಮಾತಿಗೆ ಹೂಂಗುಡುವ ಹಾಗೆ.

ಬಂಡೆಮ್ಮ ಅಂಗಡಿಗೆ ಹೋಗಿ ಅಣವೀರಪ್ಪನಿಗೂ ಹೇಳಿದಳು. ಸಿಮೆಂಟು ಕೆತ್ತಿಸಿರಿ, ನಾನು ಕೂಲಿ ಕೇಳುವುದಿಲ್ಲ, ಎರಡು ದಿನದ ಕೆಲಸ ಅಂದಳು. ಅವನಿಗೆ ಸಿಟ್ಟು ಬಂತು. "ಬೀಗರು ಬರೂ ಹೊತ್ತಿನಾಗ ಮನಿ ಮುಂದ ರಾಡಿ ಹರವಲೇನು? ಆ ಕಾರ್ಯ ಮುಗೀಲಿ, ಮುಂದ ನೋಡೂಣು." ತಕ್ಕಡಿಯ ಹತ್ತಿರ ನಿಂತವರು ನೋಡುತ್ತಿದ್ದರು. ಬಂಡೆಮ್ಮ ಕಮಲಾಪುರದ ದಾರಿ ಹಿಡಿದಳು.

ಶನಿವಾರ ಮತ್ತೆ ಮಳೆ ಶುರುವಾಯಿತು. ಭಾನುವಾರ ಮಧ್ಯಾಹ್ನ ಪಡುವಣ ಗೋಡೆ ಒಳಗಡೆಗೆ ಕುಸಿಯಿತು. ಶಿವಕಾಂತಮ್ಮ ಬೀಗರ ಊಟಕ್ಕೆ ತೊಗರಿಬೇಳೆ ಹಸನು ಮಾಡುತ್ತ ಆ ಗೋಡೆಗೇ ಬೆನ್ನು ಕೊಟ್ಟು ಕೂತಿದ್ದಳು. ಬೇಸಿಗೆಯ ತಂಪಿಗೆ ಅಲ್ಲೇ ಕೂತು ರೂಢಿಯಾಗಿತ್ತು. ನಾದಿನಿ ಅಡಿಗೆಮನೆಯಲ್ಲಿದ್ದಳು, ಉಳಿದಳು.

ಸುದ್ದಿ ಕಮಲಾಪುರಕ್ಕೆ ಮರುದಿನ ಬಂತು. ಬಂಡೆಮ್ಮ ಬಂದು ಮುಟ್ಟುವ ಹೊತ್ತಿಗೆ ಶಿವಕಾಂತಮ್ಮನಿಗೆ ಮಣ್ಣು ಕೊಟ್ಟು ಬಂದಿದ್ದರು. ಬೀದಿ ತುಂಬ ಜನ. ಹೊರಗಿನ ಸಿಮೆಂಟಿನ ಪದರು ಅಲ್ಲಲ್ಲಿ ಇನ್ನೂ ನಿಂತೇ ಇತ್ತು, ಹಣ್ಣು ತಿಂದು ಬಿಟ್ಟ ಸಿಪ್ಪೆಯಂತೆ. ಒಳಗಿನ ಮಣ್ಣು ಅಂಬಲಿಯಾಗಿ ಪಡಸಾಲೆಯ ತುಂಬ ಹರಿದಿತ್ತು. ಅದರಲ್ಲಿ ಕೌದಿಯ ಒಂದು ಮೂಲೆ ಕಾಣುತ್ತಿತ್ತು.

"ಹೊಲೇರ ಮಣ್ಣು ನೋಡ್ರಿ, ಹಿಂಗಾತು," ಅಂದ ಯಾರೋ.

ಅಣವೀರಪ್ಪ ಬೇವಿನ ಗಿಡದ ಕೆಳಗೆ ನೆಲದ ಮೇಲೆ ಕೂತಿದ್ದ. ಪಟಗ ಸುತ್ತಿರದ ತಲೆ. ಬಂಡೆಮ್ಮನನ್ನು ಕಂಡು ಎದ್ದು ಬಂದ. ಹೊಡೆಯುತ್ತಾನೆ ಅಂದುಕೊಂಡಳು. ಅವನು ಹೊಡೆಯಲಿಲ್ಲ. "ನಿನ್ನ ಗಂಡ ಎಂಥಾ ಮಣ್ಣು ಹಾಕಿದ್ನ? ಎಂಥಾದು ಹಾಕಿದ್ನ ಹೇಳು," ಅಂದ. ಅದನ್ನೇ ನಾಲ್ಕು ಸಲ ಅಂದ.

ಬಂಡೆಮ್ಮ ಅವನನ್ನು ದಾಟಿ ನಡೆದಳು. ಗೋಡೆ ಇಲ್ಲದ ಜಾಗದಿಂದ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಕೆಸರಿನಲ್ಲಿ ಮೊಳಕಾಲವರೆಗೆ ಇಳಿಯಿತು ಕಾಲು. ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟಳು. ಉಪ್ಪು. ತುಕಾರಾಮನ ಗೋಡೆಯಲ್ಲಿ ಉಪ್ಪಿರಲಿಲ್ಲ, ಆಕೆಯೇ ತಿಂದು ನೋಡಿ ತುಂಬಿಸಿದ ಮಣ್ಣು ಅದು. ನೆಲದ ಉಪ್ಪೆಲ್ಲ ನೀರಿನ ಜೊತೆ ಏರಿ, ಹೊರಗೆ ಬರಲು ದಾರಿಯಿಲ್ಲದೆ ಒಳಗೇ ಕೂತಿತ್ತು.

ಕುಸಿದ ಗೋಡೆಯ ತುದಿಯಲ್ಲಿ ಶಬ್ಬೀರ್ ಕುಕ್ಕರುಗಾಲಲ್ಲಿ ಕೂತಿದ್ದ. ಮಣ್ಣು ಎತ್ತಲು ಅವನನ್ನು ಕರೆಸಿದ್ದರು. ಅವನೇ ಸಣ್ಣ ದನಿಯಲ್ಲಿ ಹೇಳಿದ. ಮೊದಲ ಮಳೆಗೇ ಒಳಗೆ ಬುಡದಲ್ಲಿ ಹಸಿ ಕಂಡಿತ್ತು. ಶಿವಕಾಂತಮ್ಮ ಗಂಡನಿಗೆ ತೋರಿಸಿದ್ದಳು. ಗುತ್ತೇದಾರ ಬಂದು, ಒಳಗೂ ಎದೆಯೆತ್ತರಕ್ಕೆ ಸಿಮೆಂಟು ಬಳಿದರೆ ಹಸಿ ನಿಲ್ಲುತ್ತದೆ ಅಂದ. ಶಬ್ಬೀರನೇ ಬಳಿದ. ಹಸಿ ನಿಲ್ಲಲಿಲ್ಲ, ಎದೆಯ ಮೇಲಕ್ಕೆ ಏರಿತು. ಆಗ ಕೌದಿ ಬಂತು.

"ನಿಮಗ ಗೊತ್ತಿತ್ತಲ್ಲ ಶಬ್ಬೀರ್‌ಭಾಯಿ, ಮಣ್ಣಿನ ಮ್ಯಾಲ ಅದು ನಿಲ್ಲಂಗಿಲ್ಲ ಅಂತ."

"ಗೊತ್ತಿತ್ತು ಬಂಡೆಮ್ಮ."

"ಹೊರಗ ಬಂದು ಹೇಳ್ರಿ. ಜನಾ ಅದಾರ. ಆ ಮೂಡಲ ಗ್ವಾಡಿ ತೋರಸ್ರಿ. ಅದಕ್ಕ ಸಿಮೆಂಟಿಲ್ಲ, ಗುದ್ದಲಿ ಹೊಡದ್ರ ಕಿಡಿ ಹಾರ್ತದ. ಎರಡಕ್ಕೂ ಒಂದ ಮಣ್ಣು, ಒಂದ ಕೈ."

ಶಬ್ಬೀರ್ ಅಂಗೈಯ ಮಣ್ಣು ಉಜ್ಜಿದ. "ಹೇಳಿದ್ರ ನಾಳಿಂದ ನನಗ ಯಾರು ಕೆಲಸ ಕೊಡ್ತಾರ? ಅದೇ ಗುತ್ತೇದಾರನ ಕೈಯಾಗ ಅದೀನಿ. ಮಾಫ್ ಕರೋ."

ಬಂಡೆಮ್ಮ ತಾನೇ ಹೊರಗೆ ಬಂದು ಹೇಳಿದಳು. ಮೂಡಲ ಗೋಡೆಯ ಹತ್ತಿರ ನಿಂತು, ಕಲ್ಲಿನಿಂದ ಬಡಿದು ತೋರಿಸಿ ಹೇಳಿದಳು. ಜನ ಅವಳ ಕಾಲಿನ ಕೆಸರು ನೋಡುತ್ತಿದ್ದರು, ಒಳಗೆ ಹೋಗಿ ಬಂದಿದ್ದಾಳೆ ಅನ್ನುವುದನ್ನು ಲೆಕ್ಕ ಹಾಕುತ್ತಿದ್ದರು. ಬಿದ್ದ ಮಣ್ಣನ್ನು ಕೊಳೆ ಹಾಕಿ ಮತ್ತೆ ಗೋಡೆ ಮಾಡುವುದು ರೂಢಿ. ಹಳೆಯ ಮಣ್ಣಿಗೆ ಹೊಸದಕ್ಕಿಂತ ಹೆಚ್ಚು ಕಸುವು. ಆದರೆ ಈ ಮಣ್ಣು ಉಪ್ಪು ತಿಂದಿತ್ತು, ಯಾವ ಗೋಡೆಗೂ ಬರುವಂತಿರಲಿಲ್ಲ. ಮೂರು ದಿನದಲ್ಲಿ ಅದನ್ನು ಬಂಡಿಗೆ ಹೇರಿ ಊರ ಹೊರಗೆ ಚೆಲ್ಲಿದರು.

ಆಮೇಲಿನ ಬಂಡೆಮ್ಮ ಬೇರೆಯೇ ಆದಳು. ಮಾತು ಕಡಿಮೆಯಾಯಿತು. ಗೋಡೆಯ ಮಾತು ಬಂದರೆ ಮಾತ್ರ ಕೇರಿಯ ಹೆಂಗಸರ ಮುಂದೆ ಅನ್ನುತ್ತಿದ್ದಳು: "ಆಕಿ ಸುಳ್ಳು ಹೇಳಿದ್ಲು, ಮನಿ ಮಾನಕ್ಕ. ಅದು ಆಕಿ ಪಾಲು. ನನಗ ನಾತ ಬಂದಿತ್ತು. ಆರು ಹೆಜ್ಜಿ. ಹೋಗಿ ಕೌದಿ ಎತ್ತಿದ್ರ ಏನಾಗ್ತಿತ್ತು? ಹೊಡೀತಿದ್ರು. ಹೊಡಸ್ಕೋಬೇಕಿತ್ತು."

ಮುಂದಿನ ಬೇಸಿಗೆಗೆ ಮಣ್ಣು ತುಳಿಯಲು ಕರೆ ಬಂದಾಗ ಆಕೆ ಒಂದು ಕರಾರು ಹಾಕಿದಳು. ಮನೆ ಮುಗಿದ ಮೇಲೆ ವರ್ಷಕ್ಕೊಂದು ಸಲ ಒಳಗೆ ಬಂದು ಗೋಡೆ ಮುಟ್ಟಿ ನೋಡುತ್ತೇನೆ, ಒಪ್ಪಿದರೆ ತುಳಿಯುತ್ತೇನೆ. ಕೇಳಿದವರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಬೇರೆ ಕೇರಿಯ ಹೆಂಗಸರನ್ನು ಹುಡುಕಿಕೊಂಡರು. ಕೋಟೆಯೊಳಗಿನ ಇಕ್ಬಾಲ್ ಬೇಗಂ ಒಬ್ಬಾಕೆ, "ಇದರಲ್ಲಿ ಕೇಳೋದೇನದ, ಬಂದು ನೋಡು" ಅಂದಳು. ಅದೊಂದು ಮನೆ ಬಿಟ್ಟರೆ ಕಲಬುರಗಿಯ ಕೆಲಸ ನಿಂತೇ ಹೋಯಿತು. ಬಂಡೆಮ್ಮ ಹೊಲದ ಕೂಲಿಗೆ ಹೋದಳು, ರಸ್ತೆಗೆ ಜಲ್ಲಿ ಒಡೆದಳು. ಮಣ್ಣು ತುಳಿದ ಹಿಮ್ಮಡಿ ಕಲ್ಲಿನ ಮೇಲೆ ಸೀಳಿತು. ಕೇರಿಯವರೇ ಛೀಮಾರಿ ಹಾಕಿದರು: "ನಿನ್ನ ಹಟಕ್ಕ ನಮ್ಮ ಹೊಟ್ಟಿ ಮ್ಯಾಲೂ ಬಡದಿ." ಅವರ ಮಾತಿನಲ್ಲೂ ಸುಳ್ಳಿರಲಿಲ್ಲ.

ನಾಲ್ಕು ವರ್ಷದ ಮೇಲೆ ಅಣವೀರಪ್ಪ ಕಮಲಾಪುರಕ್ಕೆ ಬಂದ. ಹೊಲಗೇರಿಯ ಅಂಚಿನಲ್ಲಿ ಟಾಂಗಾ ನಿಲ್ಲಿಸಿ ಹೇಳಿಕಳಿಸಿದ. ಮುದುಕನಾಗಿಬಿಟ್ಟಿದ್ದ. ಪಡುವಣ ಗೋಡೆಯನ್ನು ಕಲ್ಲು-ಸಿಮೆಂಟಿನಲ್ಲಿ ಎಬ್ಬಿಸಿದ್ದ. ಬೇಸಿಗೆಯಲ್ಲಿ ಪಡಸಾಲೆ ಕುಲುಮೆಯ ಹಾಗೆ ಕಾಯುತ್ತದೆ, ಕೂಡಲಾಗುವುದಿಲ್ಲ ಅಂದ. ಅದನ್ನು ಕೆಡವಿ ಮತ್ತೆ ಮಣ್ಣಿನದೇ ಕಟ್ಟಿಸಬೇಕು ಅಂದ.

"ನೀ ಅವತ್ತ ಹೇಳಿದ್ದು ಖರೇ ಇತ್ತು ಬಂಡೆಮ್ಮ. ಬಂದು ತುಳಿ. ನಿನ್ನಂಗ ಹದಾ ಯಾರಿಗೂ ಬರಂಗಿಲ್ಲ."

"ಬರ್ತೀನ್ರಿ ಸಾವ್ಕಾರ್ರ. ನನ್ನ ಕರಾರು ಕೇಳೀರಲ್ಲ?"

ಅವನಿಗೆ ಗೊತ್ತಿತ್ತು. ಟಾಂಗಾದ ಹಲಗೆಯ ಮೇಲೆ ಕೈಯಿಟ್ಟು ನಿಂತ. ಆ ಪಡಸಾಲೆ ಹೆಂಡತಿ ಸತ್ತ ಜಾಗ. "ಕಿಡಕಿ ಇಡಸ್ತೀನಿ," ಅಂದ ಕೊನೆಗೆ. "ದೊಡ್ಡ ಕಿಡಕಿ. ಹೊರಗ ನಿಂತ ಕೈ ಹಾಕಿ ಮುಟ್ಟಬೌದು. ಒಳಗ ಅಂದ್ರ... ದೇವ್ರ ಖೋಲಿ ಅಲ್ಲೇ ಅದ. ಮಂದಿ ಏನಂತಾರ?"

ಬಂಡೆಮ್ಮ ಇಲ್ಲ ಅಂತ ತಲೆಯಾಡಿಸಿದಳು. ಅವನು ಟಾಂಗಾ ಹತ್ತಿದ. ಟಾಂಗಾ ತಿರುಗಿತು. ಅದು ಕೆರೆಯ ಏರಿ ದಾಟುವ ತನಕ ಬಂಡೆಮ್ಮ ನಿಂತು ನೋಡಿದಳು. ಅವನು ಒಂದು ಮಾತು ಹೂಂ ಅಂದಿದ್ದರೆ ಅವತ್ತೇ ಮಣ್ಣು ಅಗೆಯಲು ಹೋಗುತ್ತಿದ್ದಳು. ಮನೆಯಲ್ಲಿ ಎರಡು ದಿನದಿಂದ ಒಲೆ ಹೊತ್ತಿರಲಿಲ್ಲ.